ರಿಪೋರ್ಟಿನಲ್ಲಿ ‘ಐಬಿ ಪಾಸಿಟಿವ್’ ಅಂತ ಬಂತು, ಯಾವ ಐಬಿ?

ಹೋದ ಚಳಿಗಾಲದಲ್ಲಿ ಕಾಕಾನ ಫಾರಂಗೆ ಹೋಗಿದ್ದೆ. ಕೊಪ್ಪಳದಿಂದ ಗಂಗಾವತಿ ಕಡೆ ಹೋಗೋ ದಾರಿಯಲ್ಲಿ ಸ್ವಲ್ಪ ಒಳಗೆ, ಎರಡು ಶೆಡ್ಡು, ಹನ್ನೆರಡು ಸಾವಿರ ಲೇಯರ್ ಕೋಳಿ, ಅಂದ್ರೆ ತತ್ತಿಗಾಗಿ ಸಾಕೋವು. ಬಂದ್ಯಾ ಅಂತಾನೂ ಕೇಳಲಿಲ್ಲ, ಒಳಗಿಂದ ಒಂದು ಸ್ಟೀಲ್ ತಾಟು ತಂದು ಕಟ್ಟೆ ಮೇಲಿಟ್ಟು ಎರಡು ತತ್ತಿ ಒಡೆದು ಹಾಕಿದ್ರು. ಒಂದು ಈಚೆ ಶೆಡ್ಡಿಂದು, ಅದರ ಹಳದಿ ಗುಂಡಗೆ ಎದ್ದು ನಿಂತಿತ್ತು, ಸುತ್ತ ಬಿಳಿ ಲೋಳೆ ಗಟ್ಟಿಯಾಗಿ ಹಿಡ್ಕೊಂಡಿತ್ತು. ಇನ್ನೊಂದು ಆಚೆ ಶೆಡ್ಡಿಂದು, ಅದರ ಬಿಳಿ ಭಾಗ ನೀರಿನ ಹಾಗೆ ಹರಿದು ತಾಟಿನ ಅಂಚಿಗೆ ಹೋಗಿ ನಿಂತ್ಕೊಂತು. ಸಿಪ್ಪೆ ಕೈಗೆ ಕೊಟ್ರು, ಗೆರೆ ಗೆರೆ, ಸುಕ್ಕು ಸುಕ್ಕು, ಬೆರಳಲ್ಲಿ ಒತ್ತಿದ್ರೆ ಪುಡಿ.

“ಅಲ್ಲೋ ತಮ್ಮಾ, ಐಬಿ ಲಸಿಕಿ ಮೊದಲ್ನೇ ದಿನಾನೂ ಹಾಕ್ಸೀವಿ, ಆಮ್ಯಾಲೂ ಹಾಕ್ಸೀವಿ, ವಹ್ಯಾಗ ಬರ್ದಿಟ್ಟೀನಿ ನೋಡು. ಮತ್ಯಾಕ ಹಿಂಗಾತು?”

ಐಬಿ ಅಂದ್ರೆ ಕೋಳಿಗೆ ಬರೋ ಒಂದು ವೈರಸ್ ಕಾಯಿಲೆ. ವಹಿ ತೆಗೆದು ನೋಡಿದೆ, ತಾರೀಕು ಹಾಕಿ ‘ಐಬಿ ಹಾಕಿದೆ’ ಅಂತ ಮೂರು ಕಡೆ ಬರೆದಿತ್ತು, ಅಷ್ಟೇ. ಮೂವತ್ತನಾಲ್ಕನೇ ವಾರದ ಕೋಳಿ, ನೂರಕ್ಕೆ ತೊಂಬತ್ತೆರಡು ತತ್ತಿ ಇಡ್ತಾ ಇದ್ದದ್ದು ಹತ್ತು ದಿನದಲ್ಲಿ ಎಪ್ಪತ್ತೊಂದಕ್ಕೆ ಬಂದಿತ್ತು. ಒಂದು ಲ್ಯಾಬಿಗೆ ಸ್ಯಾಂಪಲ್ ಕಳಿಸಿದ್ರು, ಒಂದು ವಾರಕ್ಕೆ ರಿಪೋರ್ಟ್ ಬಂತು, ಒಂದೇ ಸಾಲು: ಐಬಿ ಪಾಸಿಟಿವ್. ಫೋನ್ ಮಾಡಿ ಯಾವ ಐಬಿ ಅಂತ ಕೇಳಿದ್ವಿ, ಅದನ್ನ ನಾವು ಮಾಡಲ್ಲ ಅಂದ್ರು. ಆ ಒಂದು ಪ್ರಶ್ನೆ ತಲೆಯಲ್ಲಿ ಕೂತು ಹೋಯ್ತು, ಅದಕ್ಕೇ ಇದನ್ನ ಬರೀತಾ ಇದ್ದೀನಿ. ಯಾಕಂದ್ರೆ ‘ಯಾವ ಐಬಿ’ ಅನ್ನೋ ಪ್ರಶ್ನೆಗೆ ಉತ್ತರ ಇಲ್ದೆ ಮುಂದಿನ ಬ್ಯಾಚಿಗೆ ಯಾವ ಲಸಿಕೆ ಹಾಕಬೇಕು ಅಂತ ಯಾರೂ ಹೇಳೋಕಾಗಲ್ಲ, ಕಂಪನಿಯವರು ಕೊಟ್ಟಿದ್ದು ಹಾಕೋದು, ಕೆಲಸ ಮಾಡಿದ್ರೆ ಮಾಡ್ತು.

ನಮ್ಮ ಕಡೆ ಕೋಳಿ ಅಂದ್ರೆ ಸಣ್ಣ ವಿಷಯ ಅಲ್ಲ. ದೇಶದಲ್ಲಿ ತತ್ತಿ ರೇಟು ಪ್ರಕಟ ಮಾಡೋ ಎನ್‌ಇಸಿಸಿ ಪಟ್ಟಿಯಲ್ಲಿ ನಾಮಕ್ಕಲ್, ಹೈದರಾಬಾದ್ ಜೊತೆಗೆ ಹೊಸಪೇಟೆಗೂ ಅದರದ್ದೇ ಸಾಲು ಇದೆ, ಬೆಳಗಾದ್ರೆ ಫಾರಂ ಇರೋರು ಮೊದಲು ನೋಡೋದೇ ಅದನ್ನ. ಮೆಕ್ಕೆಜೋಳ ಇಲ್ಲೇ ಬೆಳೆಯುತ್ತೆ, ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್‌ಮಿಲ್ಲುಗಳಿಂದ ನುಚ್ಚು, ತೌಡು ಸಿಗುತ್ತೆ, ಭತ್ತದ ಹೊಟ್ಟು ಸಿಗುತ್ತೆ, ಕೋಳಿ ಗೊಬ್ಬರ ತಗೊಳ್ಳೋಕೆ ನೀರಾವರಿ ರೈತರಿದ್ದಾರೆ. ಹೀಗಾಗಿ ಶೆಡ್ ಪಕ್ಕ ಶೆಡ್ ಎದ್ದಿದೆ. ಇದು ಅನುಕೂಲ ಹೌದು, ಆದ್ರೆ ಒಂದು ವೈರಸ್ಸಿನ ಕಣ್ಣಿಂದ ನೋಡಿದ್ರೆ ಒಂದೇ ತಳಿಯ, ಒಂದೇ ವಯಸ್ಸಿನ, ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿರೋ ಹತ್ತಾರು ಸಾವಿರ ಕೋಳಿ, ಅದಕ್ಕೂ ಇದಕ್ಕಿಂತ ಅನುಕೂಲ ಇನ್ನೆಲ್ಲೂ ಸಿಗಲ್ಲ.

2025ರ ಶುರುವಿನಲ್ಲಿ ಸಂಡೂರು ತಾಲೂಕಿನ ಕುರೇಕುಪ್ಪದಲ್ಲಿ ಹಕ್ಕಿಜ್ವರ ಬಂದಾಗ ಎಲ್ಲರ ಮೊಬೈಲಲ್ಲೂ ಅದೇ ಸುದ್ದಿ. ಅದು ಬರಬೇಕಾದ ಸುದ್ದಿನೇ. ಆದ್ರೆ ವರ್ಷಪೂರ್ತಿ ನಮ್ಮ ಶೆಡ್‌ಗಳನ್ನ ತಿನ್ನೋ ಐಬಿ, ಕೊಕ್ಕರೆ ರೋಗ, ಮ್ಯಾರೆಕ್ಸ್, ಗಂಬೊರೊ ಇವುಗಳ ಬಗ್ಗೆ ಒಂದು ಸಾಲೂ ಬರಲ್ಲ. ಈ ಐದೂ ವೈರಸ್ ಬದಲಾಗ್ತಾನೇ ಇರ್ತವೆ, ಆದ್ರೆ ಒಂದೊಂದೂ ಬದಲಾಗೋ ರೀತಿ ಬೇರೆ, ಹಾಗಾಗಿ ಒಂದಕ್ಕೆ ಹೂಡೋ ಉಪಾಯ ಇನ್ನೊಂದಕ್ಕೆ ನಡೆಯಲ್ಲ. ನಾನು ಹೇಳಬೇಕು ಅಂದುಕೊಂಡಿರೋದು ಮುಖ್ಯವಾಗಿ ಇದನ್ನೇ.

ಮೊದಲು ಬದಲಾವಣೆ ಅಂದ್ರೆ ಏನು ಅಂತ. ನಮ್ಮ ಊರುಗಳಲ್ಲಿ ತತ್ವಪದದ ಪುಸ್ತಕ ಕೈಯಲ್ಲೇ ಬರೆದು ಇಟ್ಕೊಳ್ಳೋ ರೂಢಿ ಇತ್ತಲ್ಲ, ಒಬ್ಬರ ವಹಿ ನೋಡಿ ಇನ್ನೊಬ್ಬರು ಬರ್ಕೊಳ್ಳೋದು, ಅವರದ್ದು ನೋಡಿ ಮತ್ತೊಬ್ಬರು. ಒಂದೊಂದು ಸಲ ಬರೆಯುವಾಗಲೂ ಒಂದೆರಡು ಅಕ್ಷರ ತಪ್ಪುತ್ತೆ. ಬಹಳಷ್ಟು ತಪ್ಪಿಗೆ ಪದ ಕೆಡುತ್ತೆ, ಯಾರೂ ಹಾಡಲ್ಲ, ಅಲ್ಲಿಗೆ ಮುಗೀತು. ಅಪರೂಪಕ್ಕೆ ಒಂದು ತಪ್ಪಿನಿಂದ ಪದ ಇನ್ನೂ ಚೆನ್ನಾಗಿ ಬಾಯಿಗೆ ಕೂರುತ್ತೆ, ಆಗ ಅದೇ ಊರೂರು ಹಬ್ಬುತ್ತೆ. ವೈರಸ್ಸಿನ ಕಥೆನೂ ಇಷ್ಟೇ. ಕೋಳಿಯ ಜೀವಕೋಶದ ಒಳಗೆ ಹೋಗಿ ತನ್ನ ಪ್ರತಿ ತಾನೇ ಬರೆಸಿಕೊಳ್ಳುತ್ತೆ, ಬರೆಯುವಾಗ ತಪ್ಪುತ್ತೆ, ಆ ತಪ್ಪಿನಲ್ಲಿ ಯಾವುದು ಕೋಳಿಯ ರೋಗನಿರೋಧಕ ಶಕ್ತಿಯ ಕಣ್ಣು ತಪ್ಪಿಸುತ್ತೋ ಅದು ಉಳ್ಕೊಳ್ಳುತ್ತೆ.

ಆರ್‌ಎನ್‌ಎ ವೈರಸ್ಸುಗಳು, ಅಂದ್ರೆ ತಮ್ಮ ಬರಹವನ್ನ ಡಿಎನ್‌ಎ ಬದಲು ಆರ್‌ಎನ್‌ಎಯಲ್ಲಿ ಇಟ್ಕೊಂಡಿರೋವು, ಈ ವಿಷಯದಲ್ಲಿ ಬಹಳ ಅವಸರದವು. ಹಕ್ಕಿಜ್ವರದ್ದು ಸುಮಾರು 13,500 ಅಕ್ಷರದ ಬರಹ, ಕೊಕ್ಕರೆ ರೋಗದ್ದು ಸುಮಾರು 15,200, ಐಬಿದು ಸುಮಾರು 27,600. ಐಬಿ ಕೊರೊನಾ ಜಾತಿಯದು, ಆ ಜಾತಿಗೆ ಬರೆದದ್ದನ್ನ ಸ್ವಲ್ಪ ತಿದ್ದಿಕೊಳ್ಳೋ ಒಂದು ಕಿಣ್ವ ಇದೆ, ಅದಕ್ಕೇ ಅಷ್ಟು ಉದ್ದದ ಬರಹ ಇಟ್ಕೊಳ್ಳೋಕೆ ಆಗಿರೋದು. ಆದ್ರೂ ಅದು ಕೈಗೆ ಸಿಗದ ಹಾಗೆ ಬದಲಾಗುತ್ತೆ, ಅದಕ್ಕೆ ಕಾರಣ ಬೇರೆ, ಈಗ ಅಲ್ಲಿಗೇ ಬರ್ತೀನಿ.

ಐಬಿ ಅಂದ್ರೆ ಇನ್ಫೆಕ್ಷಿಯಸ್ ಬ್ರಾಂಕೈಟಿಸ್. 1931ರಲ್ಲಿ ಅಮೆರಿಕದ ನಾರ್ತ್ ಡಕೋಟಾದಿಂದ ಮೊದಲ ವರದಿ ಬಂತು. ಮರಿಗಳಿಗೆ ಉಸಿರಾಟದ ಕಾಯಿಲೆ ಅಂತ ತಿಳ್ಕೊಂಡಿದ್ರು, ಆಮೇಲೆ ಗೊತ್ತಾಯ್ತು ಇದು ಮೂತ್ರಪಿಂಡಕ್ಕೂ ಹೋಗುತ್ತೆ, ತತ್ತಿ ತಯಾರಾಗೋ ನಾಳಕ್ಕೂ ಹೋಗುತ್ತೆ ಅಂತ. ಎರಡು ವಾರದ ಒಳಗಿನ ಹೆಣ್ಣು ಮರಿಗೆ ಕೆಲವು ತಳಿಯ ಐಬಿ ಬಂದ್ರೆ ಆ ನಾಳ ಸರಿಯಾಗಿ ಬೆಳೆಯೋದೇ ಇಲ್ಲ. ಕೋಳಿ ದೊಡ್ಡದಾಗುತ್ತೆ, ಜುಟ್ಟು ಕೆಂಪಾಗುತ್ತೆ, ಮೇವು ತಿನ್ನುತ್ತೆ, ನೋಡಿದ್ರೆ ಒಳ್ಳೆ ಲೇಯರ್, ಆದ್ರೆ ಒಂದು ತತ್ತಿನೂ ಇಡಲ್ಲ. ಐದು ತಿಂಗಳು ಸಾಕಿ ಫೀಡಿನ ಖರ್ಚೆಲ್ಲ ಮಾಡಿದ ಮೇಲೆ ಗೊತ್ತಾಗೋ ನಷ್ಟ ಅದು. ಒಬ್ಬ ರೈತನಿಗೆ ಇದಕ್ಕಿಂತ ಕೆಟ್ಟ ಮೋಸ ನಾನು ನೋಡಿಲ್ಲ.

ಈ ವೈರಸ್ಸಿನ ಮೈ ಮೇಲೆ ಮುಳ್ಳು ಮುಳ್ಳು ಇರುತ್ತಲ್ಲ, ಕೋವಿಡ್ ಟೈಮಲ್ಲಿ ಎಲ್ಲರೂ ಚಿತ್ರ ನೋಡಿದ್ದೀವಿ, ಆ ಮುಳ್ಳಿನ ತುದಿಯ ಭಾಗಕ್ಕೆ ಎಸ್1 ಅಂತಾರೆ. ಕೋಳಿಯ ದೇಹ ವೈರಸ್ಸನ್ನ ಗುರುತು ಹಿಡಿಯೋದು ಮುಖ್ಯವಾಗಿ ಅದರಿಂದಲೇ. ಐನೂರಕ್ಕಿಂತ ಸ್ವಲ್ಪ ಹೆಚ್ಚು ಅಮೈನೋ ಆಮ್ಲ ಇರೋ ಆ ತುದಿಯಲ್ಲಿ ಹತ್ತು ಹದಿನೈದು ಬದಲಾದ್ರೂ ಸಾಕು, ಹಳೇ ಲಸಿಕೆಯಿಂದ ತಯಾರಾದ ಪ್ರತಿಕಾಯಕ್ಕೆ, ಅಂದ್ರೆ ವೈರಸ್ ಹಿಡಿಯೋಕೆ ದೇಹ ಮಾಡ್ಕೊಂಡ ಪ್ರೋಟೀನಿಗೆ, ಅದು ಹೊಸಬರ ಮುಖ. 2016ರಲ್ಲಿ ಪ್ರಪಂಚದ ಬೇರೆ ಬೇರೆ ಕಡೆಯ ಎಸ್1 ಎಲ್ಲ ಸೇರಿಸಿ ವಂಶಾವಳಿ ಮಾಡಿದಾಗ 6 ಜೀನೋಟೈಪ್, ಅಂದ್ರೆ ಬರಹದ ಹೋಲಿಕೆ ನೋಡಿ ಮಾಡಿದ ದೊಡ್ಡ ಗುಂಪು, ಅವುಗಳ ಒಳಗೆ 32 ವಂಶ ಸಿಕ್ವು. ಮ್ಯಾಸಚೂಸೆಟ್ಸ್ ವಂಶ ಹಳೇದು, ಎಲ್ಲಾ ಕಡೆ ಇದೆ. 793ಬಿ ಅಂತಾರಲ್ಲ, ಅದು 1990ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಕಂಡಿದ್ದು. ಕ್ಯೂಎಕ್ಸ್ ಅನ್ನೋದು 90ರ ದಶಕದಲ್ಲಿ ಚೀನಾದಲ್ಲಿ ಎದ್ದು ಯೂರೋಪಿನ ತನಕ ಹೋಯ್ತು, ತತ್ತಿ ಇಡದ ಕೋಳಿಗಳ ಕಾಟ ಅಲ್ಲಿ ಜೋರಾಗಿದ್ದು ಅದು ಬಂದ ಮೇಲೇ. ಆ ಪಟ್ಟಿಯಲ್ಲಿ ಜಿಐ-24 ಅಂತ ಒಂದು ವಂಶ ಇದೆ, ಅದು ಸಿಕ್ಕಿದ್ದು ಭಾರತದ ಸ್ಯಾಂಪಲ್‌ಗಳಲ್ಲಿ ಮಾತ್ರ. ಅಂದ್ರೆ ನಮ್ಮ ದೇಶದ ಶೆಡ್‌ಗಳ ಒಳಗೇ ಬೆಳೆದು ಬೇರೆಯಾಗಿ ಕವಲೊಡೆದ ವೈರಸ್ ಒಂದಿದೆ.

ಈಗ ಕಾಕಾ ಮೊದಲ ದಿನ ಹಾಕಿಸಿದ ಲಸಿಕೆ ಯಾವುದು? ಬಾಟಲಿ ಎಸೆದಿರಲಿಲ್ಲ, ಪುಣ್ಯಕ್ಕೆ. ಎಚ್120. ಇದು ನೆದರ್ಲೆಂಡ್ಸಿನಲ್ಲಿ ಸಿಕ್ಕ ಮ್ಯಾಸಚೂಸೆಟ್ಸ್ ಥರದ ವೈರಸ್ಸನ್ನ ಕೋಳಿ ಭ್ರೂಣದಲ್ಲಿ 120 ಸಲ ಒಂದರಿಂದ ಇನ್ನೊಂದಕ್ಕೆ ದಾಟಿಸಿ ಸೌಮ್ಯ ಮಾಡಿದ್ದು. ಒಳ್ಳೆ ಲಸಿಕೆ, ಅರವತ್ತು ವರ್ಷದ ಮೇಲಾಯ್ತು, ಇವತ್ತಿಗೂ ಮ್ಯಾಸಚೂಸೆಟ್ಸ್ ವಂಶಕ್ಕೆ ಗಟ್ಟಿ ರಕ್ಷಣೆ ಕೊಡುತ್ತೆ. ಆದ್ರೆ ಬೇರೆ ವಂಶ ಬಂದ್ರೆ ಅರೆಬರೆ. ಅದಕ್ಕೇ ಎಷ್ಟೋ ದೇಶದಲ್ಲಿ ಎರಡು ದೂರದ ವಂಶದ ಲಸಿಕೆ, ಉದಾಹರಣೆಗೆ ಮ್ಯಾಸಚೂಸೆಟ್ಸ್ ಥರದ್ದು ಮೊದಲು, ಎರಡು ವಾರ ಬಿಟ್ಟು 793ಬಿ ಥರದ್ದು ಕೊಡ್ತಾರೆ, ಎರಡೂ ಸೇರಿದ್ರೆ ಎರಡಕ್ಕೂ ಸೇರದ ಮೂರನೇ ವಂಶದ ಮೇಲೂ ರಕ್ಷಣೆ ಹೆಚ್ಚಾಗುತ್ತೆ ಅಂತ ಪ್ರಯೋಗದಲ್ಲಿ ಗೊತ್ತಾಗಿದೆ. ಹಾಗಾದ್ರೆ ಎಲ್ಲಾ ವಂಶದ್ದೂ ಲೈವ್ ಲಸಿಕೆ, ಅಂದ್ರೆ ಸೌಮ್ಯ ಮಾಡಿದ ಜೀವಂತ ವೈರಸ್ ಇರೋ ಲಸಿಕೆ, ತಂದು ಸುರಿಯೋಣ ಅಂತ ಕೆಲವರು ಹೇಳ್ತಾರೆ, ಅದು ಅಪಾಯ, ಯಾಕಂದ್ರೆ ಐಬಿಗೆ ಒಂದು ಕೆಟ್ಟ ಅಭ್ಯಾಸ ಇದೆ. ಒಂದೇ ಜೀವಕೋಶದಲ್ಲಿ ಎರಡು ಥರದ ಐಬಿ ಸೇರಿದ್ರೆ ಪ್ರತಿ ಬರೆಯೋ ಕಿಣ್ವ ಅರ್ಧ ಈ ವಹಿ ನೋಡಿ ಬರೆದು ನಡುವೆ ಆ ವಹಿಗೆ ಹಾರುತ್ತೆ. ಹುಟ್ಟೋದು ಕಲಬೆರಕೆ ಮರಿ. ತಿದ್ದಿಕೊಳ್ಳೋ ಕಿಣ್ವ ಇದ್ದೂ ಐಬಿ ಇಷ್ಟು ವೇಷ ಹಾಕೋದು ಈ ಹಾರಾಟದಿಂದ. ಅದರಲ್ಲಿ ಲಸಿಕೆಯ ವೈರಸ್ಸೂ ಪಾಲ್ಗೊಳ್ಳುತ್ತೆ, ಹೊಲದ ವೈರಸ್ಸಿನ ಮುಳ್ಳು ಲಸಿಕೆಯ ಮೈಗೆ ಸೇರಿರೋ ಉದಾಹರಣೆಗಳಿವೆ. ಊರಲ್ಲಿ ಇಲ್ಲದ ವಂಶದ ಲೈವ್ ಲಸಿಕೆ ತರೋದು ಅಂದ್ರೆ ಆ ವಂಶವನ್ನೇ ಊರಿಗೆ ಕರ್ಕೊಂಡು ಬಂದ ಹಾಗೆ. ಹಾಗಾಗಿ ಮತ್ತೆ ಅದೇ ಪ್ರಶ್ನೆ, ಊರಲ್ಲಿ ಯಾವುದಿದೆ?

ಕೊಕ್ಕರೆ ರೋಗದ ಲೆಕ್ಕ ಬೇರೆ. ರಾಣಿಖೇತ್ ಅಂತಾರೆ, ಕುಮಾವೂ ಬೆಟ್ಟದ ಊರಿನ ಹೆಸರು. 1926ರಲ್ಲಿ ಜಾವಾದಲ್ಲಿ, ಅದೇ ಹೊತ್ತಿಗೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಂಡಿದ್ದು, ಒಂದೆರಡು ವರ್ಷಕ್ಕೆ ರಾಣಿಖೇತ್‌ನಿಂದ ನಮ್ಮ ದೇಶದ ವರದಿ. ಕತ್ತು ತಿರುಚಿಕೊಂಡು, ಹಸಿರು ಕಕ್ಕಸು ಮಾಡ್ತಾ, ಎರಡು ದಿನದಲ್ಲಿ ಮನೆಮುಂದಿನ ಜವಾರಿ ಕೋಳಿ ಒಂದೂ ಉಳಿಯದ ಹಾಗೆ ಹೋಗೋದನ್ನ ಹಳ್ಳಿಯಲ್ಲಿ ಬೆಳೆದೋರು ಎಲ್ಲರೂ ನೋಡಿರ್ತೀರಿ. ಇದರಲ್ಲಿ ಜೀನೋಟೈಪ್ ಇಪ್ಪತ್ತಕ್ಕೂ ಹೆಚ್ಚಿವೆ, ಆದ್ರೂ ಸೀರೋಟೈಪ್ ಒಂದೇ. ಅಂದ್ರೆ ಎಷ್ಟೇ ಬದಲಾಗಿದ್ರೂ ಲಸಿಕೆಯ ಪ್ರತಿಕಾಯ ಎಲ್ಲವನ್ನೂ ಒಂದು ಮಟ್ಟಿಗೆ ಗುರುತು ಹಿಡಿಯುತ್ತೆ. ಲಾಸೋಟಾ, ಎಫ್1, ಉತ್ತರಾಖಂಡದ ಮುಕ್ತೇಶ್ವರದಲ್ಲಿ 1940ರ ದಶಕದಲ್ಲಿ ತಯಾರಾದ ಆರ್2ಬಿ, ಈ ಲಸಿಕೆಗಳು ಇವತ್ತಿಗೂ ಕೋಳಿ ಸಾಯೋದನ್ನ ತಡೀತವೆ. ತಡೆಯದೇ ಇರೋದು ಏನು ಅಂದ್ರೆ ವೈರಸ್ ಒಳಗೆ ಬಂದು ಬೆಳೆದು ಹೊರಗೆ ಹೋಗೋದನ್ನ. ಲಾಸೋಟಾ ಹಳೇ ಜೀನೋಟೈಪ್ 2ಕ್ಕೆ ಸೇರಿದ್ದು, ನಮ್ಮ ದೇಶದಲ್ಲಿ ಈಗ ಓಡಾಡೋ ಉಗ್ರ ವೈರಸ್ಸುಗಳು ಜೀನೋಟೈಪ್ 13ರಂಥ ಬೇರೆ ಗುಂಪಿನವು, ಆ ಅಂತರ ಹೆಚ್ಚಾದಷ್ಟೂ ಲಸಿಕೆ ಹಾಕಿದ ಕೋಳಿ ಆರಾಮಾಗಿ ಕಂಡ್ರೂ ವೈರಸ್ ಹೊರಹಾಕೋದು ಜಾಸ್ತಿ.

ಇನ್ನೊಂದು ಮಾತು, ಇದು ನನ್ನನ್ನ ಬಹಳ ಯೋಚನೆಗೆ ಹಚ್ಚಿದ್ದು. ಕೊಕ್ಕರೆ ರೋಗದ ವೈರಸ್ ಸೌಮ್ಯವೋ ಉಗ್ರವೋ ಅನ್ನೋದನ್ನ ಮುಖ್ಯವಾಗಿ ನಿರ್ಧರಿಸೋದು ಅದರ ಎಫ್ ಪ್ರೋಟೀನಿನ ಒಂದು ಸಣ್ಣ ಜಾಗ. ಆ ಪ್ರೋಟೀನು ಆ ಜಾಗದಲ್ಲಿ ಸೀಳಿದ್ರೇನೇ ವೈರಸ್ ಜೀವಕೋಶದ ಒಳಗೆ ಹೋಗೋಕೆ ಆಗೋದು. ಸೌಮ್ಯ ವೈರಸ್ಸಿನದ್ದನ್ನ ಸೀಳೋ ಕತ್ತರಿ ಗಂಟಲು, ಕರುಳಿನಲ್ಲಿ ಮಾತ್ರ ಇರುತ್ತೆ, ಉಗ್ರದ್ದನ್ನ ಸೀಳೋ ಕತ್ತರಿ ಮೈಯೆಲ್ಲ ಇರುತ್ತೆ, ಮಿದುಳಿನಲ್ಲೂ. ಆಸ್ಟ್ರೇಲಿಯಾದಲ್ಲಿ 1998ರಿಂದ 2000ದ ಸುಮಾರಿಗೆ ಆಗಿದ್ದು ಅದೇ, ಅಲ್ಲಿನ ಕೋಳಿಗಳಲ್ಲಿ ತನ್ನಷ್ಟಕ್ಕೆ ತಾನಿದ್ದ ಸೌಮ್ಯ ವೈರಸ್ಸಿನ ಆ ಜಾಗದಲ್ಲಿ ಎರಡು ಅಮೈನೋ ಆಮ್ಲ ಬದಲಾಗಿ ಮಾರಿ ಆಯ್ತು, ಹೊರಗಿಂದ ಯಾರೂ ತಂದಿರಲಿಲ್ಲ. ಹಾಗಾಗಿ ಸೌಮ್ಯ ವೈರಸ್ ತಾನೇ, ಇರಲಿ ಬಿಡಿ ಅನ್ನೋ ಹಾಗಿಲ್ಲ.

ನಮ್ಮ ಕಡೆ ಇದು ಹಬ್ಬೋ ದಾರಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡಲ್ಲ. ನಾಲ್ಕು ಕೋಳಿ ಜೋಮು ಹಿಡಿದ ಹಾಗೆ ಕೂತ್ವು ಅಂದ್ರೆ ಉಳಿದವನ್ನ ಕಾಲು ಕಟ್ಟಿ ಸೈಕಲ್ಲಿಗೆ ತೂಗಿಸಿ ಸಂತೆಗೆ ಒಯ್ಯೋದು. ಬಡವರ ಮನೆಯ ಹೆಣ್ಣುಮಕ್ಕಳ ಕೈಖರ್ಚು ಅದು, ತಪ್ಪು ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಆದ್ರೆ ಜಾತ್ರೆ ಮುಂದೆ ಸಂತೆಯಲ್ಲಿ ಹತ್ತು ಊರಿನ ಕೋಳಿ ಒಂದೇ ಬುಟ್ಟಿಯಲ್ಲಿ ಕೂತು ಮತ್ತೆ ಹತ್ತು ಊರಿಗೆ ಹೋಗುತ್ತೆ, ಜೊತೆಗೆ ವೈರಸ್ಸೂ. ಲಸಿಕೆ ನೂರಾರು ಡೋಸಿನ ಬಾಟಲಿಯಲ್ಲಿ ಬರುತ್ತೆ, ಎಂಟು ಕೋಳಿ ಇಟ್ಕೊಂಡಿರೋ ಅಕ್ಕ ಅದನ್ನ ಹೆಂಗೆ ತರ್ತಾರೆ? ಊರಿನ ಕೋಳಿಯೆಲ್ಲ ಒಂದೇ ದಿನ ಸೇರಿಸಿ ಹಾಕಿದ್ರೆ ಮಾತ್ರ ಅದು ಆಗೋ ಕೆಲಸ.

ಮ್ಯಾರೆಕ್ಸ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ಇದನ್ನ ಅರ್ಧ ಓದಿ ಲಸಿಕೆಯೇ ಬೇಡ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಹಾಕೋರನ್ನ ನೋಡಿದ್ದೀನಿ. 1907ರಲ್ಲಿ ಹಂಗೇರಿಯ ಯೋಝೆಫ್ ಮಾರೆಕ್ ಮೊದಲು ಬರೆದ ಕಾಯಿಲೆ. ಕೋಳಿ ಒಂದು ಕಾಲು ಮುಂದೆ ಒಂದು ಹಿಂದೆ ಚಾಚಿ ಬಿದ್ದಿರುತ್ತೆ, ಕೊಯ್ದು ನೋಡಿದ್ರೆ ಲಿವರ್, ಗುಲ್ಮದಲ್ಲಿ ಗಡ್ಡೆ. ಇದು ಡಿಎನ್‌ಎ ವೈರಸ್, ಹರ್ಪಿಸ್ ಜಾತಿ, ಬರಹ ಒಂದೂಮುಕ್ಕಾಲು ಲಕ್ಷ ಅಕ್ಷರಕ್ಕಿಂತ ಹೆಚ್ಚು, ಪ್ರತಿ ಬರೆಯುವಾಗ ತಪ್ಪು ಕಮ್ಮಿ. ಹಂಗಾದ್ರೆ ನಿಧಾನವಾಗಿ ಬದಲಾಗಬೇಕಿತ್ತಲ್ಲ? ಆಗಿದ್ದು ಹಂಗಲ್ಲ. 1970ರ ಹೊತ್ತಿಗೆ ಟರ್ಕಿ ಕೋಳಿಯ ಹರ್ಪಿಸ್ ವೈರಸ್ಸಿನಿಂದ ಮಾಡಿದ ಎಚ್‌ವಿಟಿ ಲಸಿಕೆ ಬಂತು, ಕಾಯಿಲೆ ದಿಢೀರ್ ಇಳೀತು, ಕೆಲವು ವರ್ಷಕ್ಕೆ ಅದನ್ನ ಮೀರಿಸೋ ವೈರಸ್ ಕಂಡ್ವು, ಎರಡು ಲಸಿಕೆ ಸೇರಿಸಿ ಹಾಕೋಕೆ ಶುರು ಮಾಡಿದ್ರು, ಅದನ್ನೂ ಮೀರಿಸೋವು ಬಂದ್ವು, ರಿಸ್ಪೆನ್ಸ್ ಅನ್ನೋ ಇನ್ನೊಂದು ಲಸಿಕೆ ಬಂತು. ವಿಜ್ಞಾನಿಗಳು ಉಗ್ರ, ಅತಿ ಉಗ್ರ, ಅದಕ್ಕೂ ಮೀರಿದ ಉಗ್ರ ಅಂತ ಹೆಸರು ಕೊಡ್ತಾ ಹೋಗಬೇಕಾಯ್ತು.

ಯಾಕೆ ಹೀಗೆ ಅನ್ನೋದಕ್ಕೆ 2015ರಲ್ಲಿ ಆಂಡ್ರ್ಯೂ ರೀಡ್, ವೇಣುಗೋಪಾಲ್ ನಾಯರ್ ಮತ್ತವರ ಜೊತೆಗಾರರು ಮಾಡಿದ ಪ್ರಯೋಗ ಒಂದು ಕಾರಣ ತೋರಿಸ್ತು. ಅತಿ ಉಗ್ರ ವೈರಸ್ಸನ್ನ ಲಸಿಕೆ ಇಲ್ಲದ ಕೋಳಿಗೆ ಕೊಟ್ರು, ಅದು ಬೇಗ ಸತ್ತು ಹೋಯ್ತು, ಬೇರೆ ಕೋಳಿಗೆ ಹಚ್ಚೋಕೆ ಟೈಮೇ ಸಿಗಲಿಲ್ಲ. ಲಸಿಕೆ ಹಾಕಿದ ಕೋಳಿಗೆ ಕೊಟ್ರು, ಅದು ಸಾಯಲಿಲ್ಲ, ಆದ್ರೆ ವಾರಗಟ್ಟಲೆ ರೆಕ್ಕೆಪುಕ್ಕದ ಹೊಟ್ಟಿನ ಮೂಲಕ ವೈರಸ್ ಉದುರಿಸ್ತಾ ಇತ್ತು. ಸಾಮಾನ್ಯವಾಗಿ ತಾನು ಹಿಡಿದ ಕೋಳಿನ ಬೇಗ ಕೊಲ್ಲೋ ವೈರಸ್ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕ್ಕೊಂಡ ಹಾಗೆ, ಹಬ್ಬದೇ ಅಳಿಯುತ್ತೆ. ಮ್ಯಾರೆಕ್ಸ್ ಲಸಿಕೆ ಕಾಯಿಲೆ ತಡೆಯುತ್ತೆ, ಸೋಂಕು ತಡೆಯಲ್ಲ, ಹಾಗಾಗಿ ಆ ಕಲ್ಲು ಬೀಳದ ಹಾಗಾಯ್ತು.

ಇದರಿಂದ ಲಸಿಕೆ ಬಿಡಬೇಕು ಅಂತ ತಿಳ್ಕೊಂಡ್ರೆ ದೊಡ್ಡ ತಪ್ಪು. ಶೆಡ್ಡಿನಲ್ಲಿ ಆ ಉಗ್ರ ವೈರಸ್ ಈಗಾಗಲೇ ಇದ್ರೆ ಲಸಿಕೆ ಇಲ್ಲದ ಕೋಳಿ ಸಾಯೋದೇ ಖಚಿತ. ಇದರಿಂದ ಕಲಿಯಬೇಕಾದ್ದು ಬೇರೆ: ಮ್ಯಾರೆಕ್ಸ್ ಲಸಿಕೆ ಒಂದರ ಮೇಲೇ ಭಾರ ಹಾಕಿ ಶೆಡ್ ತೊಳೆಯೋದನ್ನ ಮರೆಯೋ ಹಾಗಿಲ್ಲ. ಪುಕ್ಕದ ಹೊಟ್ಟು, ಧೂಳು ಶೆಡ್ಡಿನಲ್ಲಿ ತಿಂಗಳುಗಟ್ಟಲೆ ವೈರಸ್ ಜೀವಂತ ಇಟ್ಕೊಂಡಿರುತ್ತೆ, ಮರಿಗೆ ಲಸಿಕೆ ಹಿಡಿಯೋಕೆ ಒಂದು ವಾರನಾದ್ರೂ ಬೇಕು, ಆ ವಾರದಲ್ಲಿ ಹಳೇ ಬ್ಯಾಚಿನ ಧೂಳು ಮೂಗಿಗೆ ಹೋದ್ರೆ ಮುಗೀತು. ನಮ್ಮಲ್ಲಿ ಒಂದು ಶೆಡ್ಡಲ್ಲಿ ಹಳೇ ಕೋಳಿ, ಪಕ್ಕದ್ದರಲ್ಲಿ ಹೊಸ ಮರಿ, ಒಬ್ಬನೇ ಆಳು ಅದೇ ಚಪ್ಪಲಿಯಲ್ಲಿ ಎರಡೂ ಕಡೆ ಓಡಾಡ್ತಾನೆ. ಇದನ್ನ ನಾನು ಕಾಕಾನ ಫಾರಂನಲ್ಲೂ ನೋಡಿದ್ದೀನಿ.

ಗಂಬೊರೊ ಬಗ್ಗೆ ಚಿಕ್ಕದಾಗಿ. ಅಮೆರಿಕದ ಡೆಲಾವೇರ್‌ನ ಗಂಬೊರೊ ಅನ್ನೋ ಜಾಗದ ಹೆಸರು, ಕೋಳಿಯ ಹಿಂಭಾಗದ ಹತ್ತಿರ ಇರೋ ಬರ್ಸಾ ಅನ್ನೋ ಸಣ್ಣ ಚೀಲವನ್ನ ಹಾಳು ಮಾಡುತ್ತೆ. ಪ್ರತಿಕಾಯ ತಯಾರಿಸೋ ಕಣಗಳು ಬೆಳೆಯೋದೇ ಅಲ್ಲಿ. 80ರ ದಶಕದ ಕೊನೆಗೆ ಯೂರೋಪಿನಲ್ಲಿ ಇದರ ಅತಿ ಉಗ್ರ ರೂಪ ಎದ್ದು 90ರ ದಶಕದ ಶುರುವಿಗೆ ನಮ್ಮ ದೇಶಕ್ಕೂ ಬಂತು. ಇದನ್ನ ಇಲ್ಲಿ ಹೇಳೋಕೆ ಕಾರಣ, ಕೋಳಿ ಮರಿ ಇದ್ದಾಗಲೇ ಗಂಬೊರೊ ಬಂದು ಹೋಗಿದ್ರೆ ಆಮೇಲೆ ಹಾಕಿದ ಐಬಿ, ಕೊಕ್ಕರೆ ರೋಗದ ಲಸಿಕೆ ಯಾವುದೂ ಸರಿಯಾಗಿ ಹಿಡಿಯಲ್ಲ. ಆಗ ವೈರಸ್ ಬದಲಾಗಿದೆ ಅಂತ ದೂರೋದು ತಪ್ಪಾಗುತ್ತೆ. ಹಾಗೇ ಏಪ್ರಿಲ್ ಬಿಸಿಲಲ್ಲಿ ಲಸಿಕೆ ಡಬ್ಬಿಯ ಐಸ್ ಕರಗಿ ನೀರಾಗಿದ್ರೆ, ಕುಡಿಯೋ ನೀರಲ್ಲಿ ಕೊಡುವಾಗ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿದ್ರೆ, ನೀರಿಗೆ ಹಾಲಿನ ಪುಡಿ ಹಾಕೋದು ಮರೆತ್ರೆ, ಲಸಿಕೆ ಕೋಳಿ ಹೊಟ್ಟೆಗೆ ಹೋಗೋ ಮುಂಚೆಯೇ ಸತ್ತಿರುತ್ತೆ. ಲಸಿಕೆ ಸೋತಿತು ಅನ್ನೋ ದೂರುಗಳಲ್ಲಿ ಇಂಥವು ಬಹಳ ಇರ್ತವೆ, ಮೊದಲು ಅದನ್ನ ನೋಡ್ಕೊಳ್ಳಬೇಕು.

ಇನ್ನು ಹಕ್ಕಿಜ್ವರ. ಇದರ ಬರಹ ಎಂಟು ಬೇರೆ ಬೇರೆ ತುಂಡುಗಳಲ್ಲಿ ಇರುತ್ತೆ, ಎಂಟು ಸಣ್ಣ ವಹಿಗಳ ಕಟ್ಟು ಅಂದ್ಕೊಳ್ಳಿ. ಒಂದೇ ಬಾತುಕೋಳಿಗೆ ಎರಡು ಥರದ್ದು ಒಟ್ಟಿಗೆ ಬಂದ್ರೆ ಕಟ್ಟುಗಳು ಬಿಚ್ಚಿ ಅದರ ಮೂರು ಇದರ ಐದು ಸೇರಿ ಹೊಸ ಕಟ್ಟು ಆಗುತ್ತೆ. ಈಗಿನ ಎಚ್5ಎನ್1 ಅನ್ನೋ ಉಗ್ರ ಹಕ್ಕಿಜ್ವರಕ್ಕೆ ಮೂಲ 1996ರಲ್ಲಿ ಚೀನಾದ ಗ್ವಾಂಗ್‌ಡಾಂಗ್‌ನ ಹೆಬ್ಬಾತಿನಲ್ಲಿ ಸಿಕ್ಕ ವೈರಸ್. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಜನಕ್ಕೆ ಬಂದು 6 ಜನ ತೀರ್ಕೊಂಡ್ರು. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ 6 ಸಾವಿರಕ್ಕೂ ಹೆಚ್ಚು ಕಾಡುಹಕ್ಕಿ ಸತ್ವು, ಅದರಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಬಹಳ. ಮರುವರ್ಷ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ನಮ್ಮ ದೇಶದ ಮೊದಲ ಹಕ್ಕಿಜ್ವರ.

ಆ ಪಟ್ಟೆತಲೆ ಹೆಬ್ಬಾತು ನಮಗೆ ಹೊಸದಲ್ಲ. ಚಳಿಗಾಲದಲ್ಲಿ ಹಿಮಾಲಯ ದಾಟಿ ತುಂಗಭದ್ರಾ ಹಿನ್ನೀರಿಗೆ, ಗದಗಿನ ಮಾಗಡಿ ಕೆರೆಗೆ ಬರುತ್ತೆ, ಬೆಳಿಗ್ಗೆ ಕಡಲೆ ಹೊಲದಲ್ಲಿ ಮೇಯ್ತಾ ಕೂತಿರ್ತವೆ. ಅಂಕಸಮುದ್ರದ ಕೆರೆಗೂ ಸಾವಿರಾರು ಹಕ್ಕಿ ಬರ್ತವೆ, ಆ ಕೆರೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಅನ್ನೋ ರಾಮ್ಸಾರ್ ಮಾನ್ಯತೆ ಸಿಕ್ತು. ಹಕ್ಕಿಜ್ವರ ಅಂದ ಕೂಡಲೇ ಆ ಹಕ್ಕಿಗಳನ್ನ ಓಡಿಸಿ ಅನ್ನೋರಿದ್ದಾರೆ, ಅದು ಅನ್ಯಾಯ. ಸೌಮ್ಯವಾಗಿದ್ದ ಎಚ್5 ವೈರಸ್ ಉಗ್ರ ಆಗೋದು ಸಾಮಾನ್ಯವಾಗಿ ಸಾಕುಕೋಳಿಗಳ ಗುಂಪಿಗೆ ಬಂದ ಮೇಲೇ, ಅಲ್ಲಿಂದ ಅದು ತಿರುಗಿ ಕಾಡುಹಕ್ಕಿಗೆ ಹೋಗಿರೋದು. ಊರಿಂದೂರಿಗೆ ಅದನ್ನ ಒಯ್ಯೋದರಲ್ಲಿ ತೊಳೆಯದ ಲಾರಿ, ತತ್ತಿ ಟ್ರೇ, ಗೊಬ್ಬರದ ಚೀಲಗಳ ಪಾಲು ಬಹಳ ದೊಡ್ಡದು. ಹಕ್ಕಿ ಕೂರೋ ಕೆರೆಯ ನೀರನ್ನ ಹಾಗೇ ಎತ್ತಿ ಕೋಳಿಗೆ ಕುಡಿಸಬಾರದು, ಶೆಡ್ಡಿಗೆ ಜಾಲರಿ ಹಾಕಬೇಕು, ಅಷ್ಟು ನಮ್ಮ ಕೈಯಲ್ಲಿದೆ.

ವಂಶಾವಳಿ ಇಲ್ಲೂ ಮುಖ್ಯ. ನಮ್ಮ ಉಪಖಂಡದಲ್ಲಿ ಹತ್ತು ವರ್ಷಕ್ಕೂ ಮೇಲಿಂದ ಇರೋದು 2.3.2.1ಎ ಅನ್ನೋ ಕವಲು, 2020ರ ಈಚೆಗೆ ಪ್ರಪಂಚ ಸುತ್ತಿ, 2024ರಲ್ಲಿ ಅಮೆರಿಕದ ಹಾಲಿನ ಹಸುಗಳಿಗೂ ಬಂದದ್ದು 2.3.4.4ಬಿ ಅನ್ನೋ ಕವಲು. ಎರಡೂ ನಮ್ಮ ದೇಶದಲ್ಲಿವೆ. 2024ರಲ್ಲಿ ಕೋಲ್ಕತ್ತಾಗೆ ಬಂದು ಆಸ್ಟ್ರೇಲಿಯಾಗೆ ಮರಳಿದ ಒಂದು ಮಗುವಿನಲ್ಲಿ ಸಿಕ್ಕ ವೈರಸ್ಸಿನಲ್ಲಿ ಹೊರಮೈ ಹಳೇ ಕವಲಿಂದು, ಒಳಗಿನ ಕೆಲವು ತುಂಡು ಹೊಸ ಕವಲಿಂದು. ಕಟ್ಟು ಬಿಚ್ಚಿ ಸೇರಿದೆ ಅಂತ ಗೊತ್ತಾಗಿದ್ದು ಪೂರ್ತಿ ಬರಹ ಓದಿದ್ದಕ್ಕೆ, ಪಾಸಿಟಿವ್ ಅಂತ ಬರೆದು ಬಿಟ್ಟಿದ್ರೆ ಗೊತ್ತಾಗ್ತಾ ಇರಲಿಲ್ಲ. ಇದರ ಜೊತೆ ಎಚ್9ಎನ್2 ಅನ್ನೋ ಸೌಮ್ಯ ಹಕ್ಕಿಜ್ವರ ನಮ್ಮ ಲೇಯರ್ ಶೆಡ್‌ಗಳಲ್ಲಿ ಮನೆಮಾಡಿಕೊಂಡಿದೆ. ಕೋಳಿ ಗುಂಪುಗುಂಪಾಗಿ ಸಾಯಲ್ಲ, ತತ್ತಿ ಇಳಿಯುತ್ತೆ, ನೋಡೋಕೆ ಐಬಿ ಥರನೇ. ಅದು ಬೇರೆ ಹಕ್ಕಿಜ್ವರಗಳಿಗೆ ತನ್ನ ತುಂಡು ಸಾಲ ಕೊಡೋ ವೈರಸ್, 1997ರ ಹಾಂಗ್‌ಕಾಂಗ್ ವೈರಸ್ಸಿನ ಒಳಗಿನ ತುಂಡುಗಳೂ ಎಚ್9ಎನ್2 ಥರದವೇ ಆಗಿದ್ವು. ಎಚ್5ಎನ್1ಗೆ ನಮ್ಮಲ್ಲಿ ಲಸಿಕೆ ಇಲ್ಲ, ಒಂದು ಕಿಲೋಮೀಟರ್ ಒಳಗಿನ ಕೋಳಿ ಕೊಂದು ಹೂಳೋದೇ ನಿಯಮ. ಎಚ್9ಎನ್2ಗೆ ಮಾತ್ರ ಭೋಪಾಲದ ಹೈ ಸೆಕ್ಯೂರಿಟಿ ಲ್ಯಾಬು ಲಸಿಕೆ ತಯಾರಿಸಿ 2022ರಲ್ಲಿ ಕಂಪನಿಗಳಿಗೆ ಕೊಟ್ಟಿದೆ.

ಚೆನ್ನಾಗಿ ಬೇಯಿಸಿದ ಕೋಳಿ, ತತ್ತಿ ತಿಂದ್ರೆ ಏನೂ ಆಗಲ್ಲ, 70 ಡಿಗ್ರಿ ಶಾಖಕ್ಕೆ ವೈರಸ್ ಸಾಯುತ್ತೆ. ಎಚ್ಚರ ಬೇಕಿರೋದು ಕಾಯಿಲೆ ಕೋಳಿ ಕೈಯಲ್ಲಿ ಹಿಡಿಯೋರಿಗೆ, ಕೊಯ್ಯೋರಿಗೆ, ಹಸಿ ಮಾಂಸ ಮುಟ್ಟೋ ಮಕ್ಕಳಿಗೆ. 2025ರ ಮಾರ್ಚಿನಲ್ಲಿ ಪಕ್ಕದ ಆಂಧ್ರದಲ್ಲಿ ಎರಡು ವರ್ಷದ ಕೂಸು ಎಚ್5ಎನ್1ನಿಂದ ತೀರ್ಕೊಂಡಿತು, ಅದನ್ನ ಓದಿದ ದಿನ ನನಗೆ ಊಟ ಸೇರಲಿಲ್ಲ.

ಹಂಗಾದ್ರೆ ಏನು ಮಾಡಬೇಕು ಅಂತ ಕೇಳಿದ್ರೆ ನನ್ನ ಮಾತು ಇಷ್ಟೇ, ನಮ್ಮ ಮೂರು ನಾಲ್ಕು ಜಿಲ್ಲೆಗಳಲ್ಲಿ ಯಾವ ವೈರಸ್ಸಿನ ಯಾವ ಕವಲು ಓಡಾಡ್ತಾ ಇದೆ ಅನ್ನೋ ಲೆಕ್ಕ ರೈತನ ಕೈಗೆ ಸಿಗಬೇಕು. ತತ್ತಿ ರೇಟು ದಿನಾ ಸಿಗುತ್ತೆ, ಇದು ವರ್ಷಕ್ಕೊಂದು ಸಲನಾದ್ರೂ ಸಿಗಬಾರದಾ? ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಇದೆ, ಯಲಹಂಕದಲ್ಲಿ ಪಶುರೋಗಗಳ ಲೆಕ್ಕ ಇಡೋ ಕೇಂದ್ರದ ಸಂಸ್ಥೆ ನಿವೇದಿ ಇದೆ, ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯ ಇದೆ. ಬರಹ ಓದೋ ಮೆಷಿನ್ನು ಕೋವಿಡ್ ಆದ ಮೇಲೆ ಅಪರೂಪದ್ದಲ್ಲ, ಎಸ್1 ಭಾಗ ಒಂದನ್ನ ಓದಿದ್ರೂ ಐಬಿ ವಂಶ ಗೊತ್ತಾಗುತ್ತೆ. ಕೊರತೆ ಇರೋದು ಶೆಡ್ಡಿಗೂ ಲ್ಯಾಬಿಗೂ ನಡುವಿನ ದಾರಿಯಲ್ಲಿ. ಫಾರಂನೋರು ಕಾಯಿಲೆ ಬಚ್ಚಿಡ್ತಾರೆ, ಹೇಳಿದ್ರೆ ವ್ಯಾಪಾರಿ ರೇಟು ಮುರೀತಾನೆ, ಹಕ್ಕಿಜ್ವರ ಅಂತಾದ್ರೆ ಎಲ್ಲಾ ಕೊಲ್ತಾರೆ. ಪರಿಹಾರ ಸಿಗೋದು ಸರ್ಕಾರ ಕೊಂದ ಕೋಳಿಗೆ, ಅದಕ್ಕೂ ಮೊದಲೇ ಕಾಯಿಲೆಯಿಂದ ಸತ್ತದ್ದಕ್ಕೆ ಸಿಗಲ್ಲ, ಹಾಗಾಗಿ ನಿಜವಾಗಿ ನೋಡಿದ್ರೆ ಬೇಗ ಹೇಳಿದೋರಿಗೇ ಲಾಭ, ಆದ್ರೆ ಈ ಮಾತನ್ನ ಅವರಿಗೆ ಕೂತು ತಿಳಿಸಿ ಹೇಳೋರು ಕಮ್ಮಿ.

ಕಾಕಾ ಆ ಬ್ಯಾಚ್ ತೆಗೆದು ಶೆಡ್ ತೊಳೆದು ಸುಣ್ಣ ಹೊಡೆಸಿ ಒಂದು ತಿಂಗಳು ಖಾಲಿ ಬಿಟ್ರು. ಹೊಸ ಮರಿ ಬಂದ ದಿನ ನಾನೂ ಹೋಗಿದ್ದೆ, ಎರಡು ಶೆಡ್ಡಿಗೆ ಎರಡು ಜೊತೆ ಚಪ್ಪಲಿ ಬಾಗಿಲಲ್ಲಿ ಇಟ್ಟಿದ್ರು. ಲಸಿಕೆ ಹಾಕಿ ಮುಗಿದ ಮೇಲೆ ವಹಿ ತೆಗೆದು ಬಾಟಲಿ ಕಣ್ಣ ಹತ್ತಿರ ಹಿಡ್ಕೊಂಡು ಲೇಬಲ್ ಮೇಲಿನ ಸಣ್ಣ ಅಕ್ಷರ ಓದ್ತಾ ಕೂತ್ರು, ಕಣ್ಣು ಸಾಲಲಿಲ್ಲ, ನನ್ನ ಕೈಗೆ ಕೊಟ್ರು.

“ನೀ ಓದು, ನಾ ಬರೀತೀನಿ. ತಳಿ ಹೆಸರು ಮೊದ್ಲು ಹೇಳು, ಆಮ್ಯಾಲ ಬ್ಯಾಚ್ ನಂಬರು.”